ಲಿಫ್ಟಿನಲ್ಲಿ ಸಿಕ್ಕವಳಿಗೆ ಆದ ಅನ್ಯಾಯ

ತಕ್ಕಡಿ ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಹೇಳುತ್ತಿದ್ದರು. ಇದು ಅರ್ಧಸತ್ಯ. ಮೂಗಿನ ತುದಿ ಬಹಳ ಚಿಕ್ಕ ಜಾಗ; ಅವರ ಕೋಪ ಅಷ್ಟರಲ್ಲಿ ಹಿಡಿಸುವಂಥದ್ದಲ್ಲ. ಅದು ಅಲ್ಲಿ ಹುಟ್ಟಿ, ಕಿವಿಗೆ ಹರಿದು, ಕತ್ತಿನ ನರಗಳನ್ನು ಎಬ್ಬಿಸಿ, ಕೊನೆಗೆ ಬಲಗೈಯ ತೋರುಬೆರಳಿನಲ್ಲಿ ಬಂದು ನಿಲ್ಲುತ್ತಿತ್ತು. ಆ ಬೆರಳು ಯಾರ ಕಡೆ ತಿರುಗುತ್ತದೋ ಅವರು ಆ ದಿನದ ಅಪರಾಧಿ.

ಅಂಗಡಿಗಳ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವುದು ಅವರ ಕಸುಬು. ಅದಕ್ಕೇ ‘ತಕ್ಕಡಿ’. ‘ಸಾಹೇಬರು’ ಎನ್ನುವುದು ಯಾವ ಸರ್ಕಾರವೂ ಕೊಟ್ಟ ಪದವಿಯಲ್ಲ. ಅವರ ಬೆರಳಿಗೆ ಹೆದರಿ ಬೀದಿಯವರೇ ಸೇರಿಸಿದ್ದು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವರು ಸಹಿಸುತ್ತಿರಲಿಲ್ಲ. ‘ತೂಕದಲ್ಲಿ ಮೋಸ ಮಾಡೋನು ತಾಯಿಗೂ ಮೋಸ ಮಾಡ್ತಾನೆ’ ಎನ್ನುವುದು ಅವರ ಸಿದ್ಧಾಂತ. ಇಂಥ ಮನುಷ್ಯನ ಸಂಸಾರ ಮೂವತ್ತು ವರ್ಷದಿಂದ ಒಂದು ಹಾಡಿನ ಮೇಲೆ ನಿಂತಿತ್ತು ಎಂದರೆ ಯಾರೂ ನಂಬುವುದಿಲ್ಲ. ಆದರೆ ನಿಂತಿತ್ತು.

ಅವರು ಮದುವೆಯಾದ ಕಾಲದಲ್ಲಿ ಟಿವಿಯಲ್ಲಿ ಪ್ರತಿ ಭಾನುವಾರ ಸಂಜೆ ‘ಈ ವಾರದ ಹತ್ತು’ ಎಂಬ ಕಾರ್ಯಕ್ರಮ ಬರುತ್ತಿತ್ತು. ಊಟದ ತಟ್ಟೆಯಷ್ಟು ಅಗಲ ಕಾಲರಿನ ಅಂಗಿ ತೊಟ್ಟ ನಿರೂಪಕ ಹತ್ತನೇ ಹಾಡಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿ ಒಂದನೇ ಸ್ಥಾನಕ್ಕೆ ಬರುವಷ್ಟರಲ್ಲಿ ದೇಶದ ಅರ್ಧ ಜನ ಉಗುರು ಕಚ್ಚಿ ಮುಗಿಸಿರುತ್ತಿದ್ದರು. ಮದುವೆಯಾದ ಅದೇ ವಾರ ಸಾಹೇಬರು ಮಾವನ ಮನೆಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಉಳಿದದ್ದು ಎರಡೇ ಹಾಡು. ಒಂದು, ಸಾಹೇಬರು ಜೀವ ಬಿಡುತ್ತಿದ್ದ ‘ಲಿಫ್ಟಿನಲ್ಲಿ ಸಿಕ್ಕವಳೇ’. ಇನ್ನೊಂದು, ಹೆಂಡತಿಯ ತಮ್ಮ ಕುಣಿಯುತ್ತಿದ್ದ ‘ಧೂಳು ಧೂಳು ಧೂಳೆಬ್ಬಿಸು’. ನಿರೂಪಕ ಕೈಯೆತ್ತಿ “ಮತ್ತು ಈ ವಾರ...” ಎಂದ. ಕರೆಂಟು ಹೋಯಿತು.

ಕತ್ತಲೆಯಲ್ಲಿ ಸಾಹೇಬರು ತೀರ್ಪು ಕೊಟ್ಟರು: “ಒಂದನೇ ಸ್ಥಾನ ಲಿಫ್ಟು.”

ಹೊಸ ಅಳಿಯನ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಮಾವ ತಲೆಯಾಡಿಸಿದರು. ಚಡ್ಡಿ ಹಾಕಿಕೊಂಡಿದ್ದ ಭಾವಮೈದ ಮಾತ್ರ “ಧೂಳು!” ಎಂದು ಅರಚಿದ. ದೊಡ್ಡವರ ಮಧ್ಯೆ ಬಾಯಿ ಹಾಕಿದ್ದಕ್ಕೆ ಅವನಿಗೆ ಕತ್ತಲೆಯಲ್ಲೇ ಒಂದು ಏಟು ಬಿತ್ತು. ಅಂದಿನಿಂದ ಅದು ಮನೆಯ ಇತಿಹಾಸವಾಯಿತು. “ನಾನು ಮದುವೆಯಾದ ವಾರ ನನ್ನ ಹಾಡು ಒಂದನೇ ಸ್ಥಾನದಲ್ಲಿತ್ತು” ಎಂದು ಸಾಹೇಬರು ಹೇಳದ ಸಮಾರಂಭವಿಲ್ಲ. ಆ ಭಾವಮೈದ ಈಗ ಡ್ರೈವಿಂಗ್ ಸ್ಕೂಲಿನ ಮಾಲೀಕ, ತಲೆಯಲ್ಲಿ ನರೆ ಬಂದಿದೆ, ಅದೇ ಕಟ್ಟಡದ ಮೇಲಿನ ಮನೆಯಲ್ಲಿ ವಾಸ. ಆ ಏಟು ಮಾತ್ರ ಅವನ ಬೆನ್ನಿನ ಮೇಲೆ ಇನ್ನೂ ಬಿಸಿಯಾಗಿಯೇ ಇತ್ತು.

ಹೀಗಿರುವಾಗ ಒಂದು ಚಾನೆಲ್ಲಿಗೆ ಹೊಸದನ್ನು ತಯಾರಿಸುವ ಉತ್ಸಾಹ ತೀರಿ, ಅದು ‘ಈ ವಾರದ ಹತ್ತು’ ಕಾರ್ಯಕ್ರಮದ ಹಳೆಯ ಕಂತುಗಳನ್ನೇ ಪ್ರತಿ ಭಾನುವಾರ ಮರುಪ್ರಸಾರ ಮಾಡಲು ಹೊರಟಿತು. ಬೀದಿಯಲ್ಲಿ ಐವತ್ತು ದಾಟಿದವರೆಲ್ಲ ಟಿವಿಯ ಮುಂದೆ ಕೂತು ತಮ್ಮ ತಲೆಗೂದಲನ್ನು ನೆನೆಸಿಕೊಂಡು ನಿಟ್ಟುಸಿರು ಬಿಡತೊಡಗಿದರು. ಮದುವೆಯ ವಾರದ ಕಂತು ಬರುವ ಭಾನುವಾರ ಸಾಹೇಬರು ತಾವೇ ಎಲ್ಲರನ್ನೂ ಕರೆದರು. ಕೆಳಮನೆಯ ಟೈಲರ್, ಎದುರುಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್, ಮೇಲಿನ ಭಾವಮೈದ, ಎಲ್ಲರೂ ಬಂದರು. ಚಹಾ, ಬಿಸ್ಕತ್ತು ಆಯಿತು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ದಿನವಿಡೀ ಜನರ ಬೈಗುಳ ಕೇಳಿ ವಾರಕ್ಕೊಂದೇ ದಿನ ರಜೆ ಸಿಗುವ ಸಾಹೇಬರ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು.

ಹತ್ತು ಬಂತು, ಒಂಬತ್ತು ಬಂತು. ಯಾವ ಹಾಡೂ ಯಾರಿಗೂ ಕೇಳಿಸಲಿಲ್ಲ. ಭಾವ-ಭಾವಮೈದರು ಮೊದಲೇ ವಾದಕ್ಕೆ ಇಳಿದಿದ್ದರು. ಕೊನೆಗೆ ಅಗಲ ಕಾಲರಿನವನು ಕೈಯೆತ್ತಿದ.

“ಎರಡನೇ ಸ್ಥಾನ... ಲಿಫ್ಟಿನಲ್ಲಿ ಸಿಕ್ಕವಳೇ!”

ಪರದೆಯ ಮೇಲೆ ಹೊಗೆ ಎದ್ದಿತು. ಹೊಗೆಯ ನಡುವೆ ಮುಖದ ಮುಕ್ಕಾಲು ಭಾಗ ಕಪ್ಪು ಕನ್ನಡಕದಲ್ಲಿ ಮುಚ್ಚಿಹೋದ ಗಾಯಕನೊಬ್ಬ ಸೊಂಟ ತಿರುಗಿಸಿದ. ಕೋಣೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದೂ ನಿಂತಿತು.

“ಎರಡು!” ಭಾವಮೈದ ಸೋಫಾದ ಮೇಲೆ ಎದ್ದು ನಿಂತ. “ಎರಡು ಭಾವಾ, ಎರಡು! ಮೂವತ್ತು ವರ್ಷ ನನ್ನ ಬಾಯಿ ಮುಚ್ಚಿಸಿದ್ರಲ್ಲ! ನನಗೆ ಬಿದ್ದ ಏಟು ವಾಪಸ್ ತಗೊಳ್ಳಿ!”

“ಸೋಫಾದಿಂದ ಇಳಿಯೋ! ಇದು ತಿದ್ದಿದ ಟೇಪು!”

“ಟೇಪನ್ನ ಯಾಕ್ರೀ ತಿದ್ದುತ್ತಾರೆ?” ಟೈಲರ್ ಕೇಳಿದ.

ಬೆರಳು ಟೈಲರ್ ಕಡೆ ತಿರುಗಿತು. “ಪ್ಯಾಂಟಿನ ಅಳತೇನೇ ಸರಿಯಾಗಿ ತಗೊಳ್ಳೋಕೆ ಬರದವನು ಟೇಪಿನ ವಿಷಯ ಮಾತಾಡಬೇಡ!”

“ಹಿಂದೆ ನಾನೂ ಒಂದು ಸಲ ಅಂಕ ಕೂಡೋದರಲ್ಲಿ...” ಎಂದು ಹೆಡ್‌ಮಿಸ್ಟ್ರೆಸ್ ಸಮಾಧಾನಕ್ಕೆ ಬಂದರು.

“ನೋಡಿದಿರಾ! ಶಿಕ್ಷಣ ಇಲಾಖೆಯವರೇ ಒಪ್ಕೋತಿದ್ದಾರೆ!”

ಮರುದಿನ ಬೆಳಗ್ಗೆ ಭಾವಮೈದ ಡ್ರೈವಿಂಗ್ ಸ್ಕೂಲಿನ ಕಾರಿಗೆ ಧ್ವನಿವರ್ಧಕ ಕಟ್ಟಿಸಿದ. ಕಲಿಯಲು ಬಂದವರು ಕ್ಲಚ್ ಬಿಟ್ಟು ಬಿಟ್ಟು ಎಳೆದಾಡುವಾಗಲೆಲ್ಲ ‘ಧೂಳು ಧೂಳು’ ಎಂದು ಹಾಡುತ್ತ ಆ ಕಾರು ಸಾಹೇಬರ ಅಂಗಡಿಯ ಮುಂದೆಯೇ ಉದ್ದೇಶಪೂರ್ವಕವಾಗಿ ಆಫ್ ಆಗತೊಡಗಿತು. ತಕ್ಕಡಿ ತಂದಿದ್ದ ತರಕಾರಿ ವ್ಯಾಪಾರಿಯೊಬ್ಬಳು “ಎರಡನೇ ಸ್ಥಾನವೂ ಏನು ಕಮ್ಮೀನಾ ಸಾಹೇಬ್ರೇ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಸಾಹೇಬರು ಅವಳ ತಕ್ಕಡಿಯನ್ನು ಹಾಗೇ ವಾಪಸು ಕೊಟ್ಟು ಬಾಗಿಲು ಎಳೆದುಕೊಂಡು ನೇರ ಚಾನೆಲ್ಲಿನ ಕಚೇರಿಗೆ ಹೋದರು.

ಕಚೇರಿ ಗಾಜಿನದು. ಎಲ್ಲಿ ಗೋಡೆ, ಎಲ್ಲಿ ಬಾಗಿಲು ಎಂದು ತಿಳಿಯದೆ ಸಾಹೇಬರು ಮೊದಲು ಗೋಡೆಯ ಮೇಲೆ ದಾಳಿ ಮಾಡಿದರು. ಹಣೆಯ ಮೇಲೆ ಬುಗುಟೆ ಎದ್ದಿತು. ಕೋಪಕ್ಕೆ ಅದೂ ಸೇರಿಕೊಂಡಿತು.

“ಏನು ವಿಷಯ ಸಾರ್?” ಎಂದಳು ಮುಂದಿನ ಮೇಜಿನ ಹುಡುಗಿ.

“ನನ್ನ ಹಾಡಿಗೆ ಅನ್ಯಾಯ ಆಗಿದೆ.”

“ಯಾವ ಹಾಡು?”

“ಲಿಫ್ಟಿನಲ್ಲಿ ಸಿಕ್ಕವಳೇ.”

ಹುಡುಗಿ ಪೆನ್ನು ಕೆಳಗಿಟ್ಟಳು. “ಅದು... ನಿಮ್ಮ ಹಾಡಾ?”

“ನನ್ನದಲ್ಲದೆ ನಿಮ್ಮಪ್ಪನದಾ?”

ಒಂದು ನಿಜವನ್ನು ಇಲ್ಲಿ ಹೇಳಬೇಕು. ಆ ಹಾಡಿನ ಗಾಯಕ ಅದೊಂದೇ ಹಾಡು ಹಾಡಿ, ಹೊಗೆಯಲ್ಲಿ ಬಂದವನು ಹೊಗೆಯಲ್ಲೇ ಕಾಣೆಯಾಗಿದ್ದ. ಚಾನೆಲ್ಲಿನವರು ಅವನಿಗಾಗಿ ಊರೆಲ್ಲ ಹುಡುಕುತ್ತಿದ್ದರು. ಹುಡುಗಿ ಒಳಗೆ ಓಡಿದಳು. ಕಾರ್ಯಕ್ರಮ ಅಧಿಕಾರಿ ಹೊರಗೆ ಓಡಿಬಂದ. ಸಾಹೇಬರ ಎರಡೂ ಕೈ ಹಿಡಿದುಕೊಂಡ.

“ಇಷ್ಟು ವರ್ಷ ಎಲ್ಲಿದ್ರಿ ಸಾರ್?”

“ಎಲ್ಲಿರ್ತೀನಿ? ಇದೇ ಊರಲ್ಲಿ. ತಕ್ಕಡಿ ರಿಪೇರಿ ಮಾಡ್ಕೊಂಡು.”

“ತಕ್ಕಡಿ ರಿಪೇರಿ!” ಅಧಿಕಾರಿ ಹಿಡಿದ ಕೈಗಳನ್ನು ಇನ್ನೂ ಬಿಗಿಯಾಗಿ ಒತ್ತಿದ. “ಎಂಥ ದುರಂತ!”

“ಯಾಕ್ರೀ ದುರಂತ? ಕೈಯಲ್ಲಿ ಕಸುಬಿಲ್ಲದೆ ಹಳೇ ಟೇಪು ಓಡಿಸ್ತಾ ಕೂತಿರೋ ನಿಮ್ಮದಲ್ವಾ ದುರಂತ?”

ಅಧಿಕಾರಿ ತಲೆತಗ್ಗಿಸಿದ. ಕಲಾವಿದರ ಕೋಪ ಎಂದರೆ ಹೀಗೇ ಇರಬೇಕು ಎಂದುಕೊಂಡ. “ನಿಮ್ಮ ನೋವು ಅರ್ಥ ಆಗುತ್ತೆ. ಮುಂದಿನ ಭಾನುವಾರ ನೇರಪ್ರಸಾರಕ್ಕೆ ಬನ್ನಿ. ನಿಮಗಾದ ಅನ್ಯಾಯಾನ ಜನರ ಮುಂದೇನೇ ಹೇಳಿ.”

“ಹೇಳದೆ ಬಿಡ್ತೀನಾ?” ಎಂದರು ಸಾಹೇಬರು. ಹುಡುಗಿ ಅವರ ಫೋಟೋ ತೆಗೆದುಕೊಂಡಳು. ದೂರು ಕೊಡಲು ಬಂದವರಿಗೆಲ್ಲ ಫೋಟೋ ತೆಗೆಯುವುದು ಇಲ್ಲಿನ ಪದ್ಧತಿ ಇರಬೇಕೆಂದು ಸಾಹೇಬರು ಬುಗುಟೆ ಕಾಣದಂತೆ ಓರೆಯಾಗಿ ನಿಂತರು.

ಎರಡು ದಿನದಲ್ಲಿ ಟಿವಿಯಲ್ಲಿ ಜಾಹೀರಾತು ಬರತೊಡಗಿತು. ‘ಲಿಫ್ಟಿನಲ್ಲಿ ಸಿಕ್ಕವಳೇ... ಹಾಡಿದವನು ಎಲ್ಲಿ ಹೋದ? ಕಣ್ಮರೆಯಾದ ಕಲಾವಿದ ಇದೇ ಭಾನುವಾರ ನಿಮ್ಮ ಮುಂದೆ!’ ಎಂಬ ಗುಡುಗು ದನಿ, ಹೊಗೆ, ಹೊಗೆಯೊಳಗಿಂದ ಸಾಹೇಬರ ಓರೆ ಮುಖ.

ಕಟ್ಟಡ ಅಲ್ಲಾಡಿಹೋಯಿತು. ಮೊದಲು ಬಂದವರು ಹೆಡ್‌ಮಿಸ್ಟ್ರೆಸ್. “ನೀರಿನ ಟ್ಯಾಂಕಿನ ವಿಷಯಕ್ಕೆ ದಿನಾ ಬೆಳಗ್ಗೆ ಅಷ್ಟು ಗಟ್ಟಿಯಾಗಿ ಕೂಗಾಡ್ತಿದ್ರಲ್ಲ, ಅದು ಕಂಠಸಾಧನೆ ಅಂತ ನನಗೆ ಗೊತ್ತೇ ಆಗಲಿಲ್ಲ. ಸುಮ್ಮನೆ ಬೈಕೊಂಡೆ!”

“ಮೇಡಂ, ನಾನು ಗಾಯಕ ಅಲ್ಲ!”

“ಎಂಥ ವಿನಯ!”

“ವಿನಯ ಅಲ್ಲರೀ, ನಿಜ!”

“ನಿಜವಾದ ವಿನಯ!” ಎಂದು ಅವರು ಕಣ್ಣೊರೆಸಿಕೊಂಡು ಹೋದರು.

ಆಮೇಲೆ ಟೈಲರ್ ಬಂದ. ಹಳೆಯ ಅವಮಾನವನ್ನು ನುಂಗಿಕೊಂಡು, ಮಿಂಚುವ ಬಟ್ಟೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು, ಕೇಳದೆಯೇ ಸಾಹೇಬರ ಎದೆಗೆ ಟೇಪು ಸುತ್ತಿದ. ಅಂಗಡಿಯ ಮುಂದೆ ಗಿರಾಕಿಗಳಿಗಿಂತ ಸಹಿ ಕೇಳುವವರು ಹೆಚ್ಚಾದರು. ಸಾಹೇಬರು “ಹೋಗ್ರೋ!” ಎಂದು ಗದರಿದರೆ “ಆಹಾ, ಅದೇ ದನಿ!” ಎಂದು ಚಪ್ಪಾಳೆ ಬೀಳುತ್ತಿತ್ತು. ಚಾನೆಲ್ಲಿಗೆ ಫೋನು ಮಾಡಿದರು. ‘ಹಾಡು ಕೇಳಲು ಒಂದನ್ನು ಒತ್ತಿ, ಹಾಡು ಕಳಿಸಲು ಎರಡನ್ನು ಒತ್ತಿ’ ಎಂದಿತು ಯಂತ್ರ. ತಾವು ಹಾಡಿಲ್ಲ ಎಂದು ಹೇಳಲು ಯಾವ ಅಂಕಿಯೂ ಇರಲಿಲ್ಲ.

ನಿಜ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಭಾವಮೈದ ಮೆಟ್ಟಿಲಲ್ಲಿ ಅಡ್ಡಗಟ್ಟಿದ.

“ಭಾವಾ, ಸ್ನಾನದ ಮನೇಲಿ ನೀವು ಗುನುಗಿದ್ರೆ ಮೇಲಿನ ಮನೇಲಿ ನನ್ನ ನಾಯಿ ಮಂಚದ ಕೆಳಗೆ ಸೇರ್ಕೊಳ್ಳುತ್ತೆ. ಇದೇನು ನಾಟಕ?”

“ನಾಟಕ ಅಲ್ವೋ. ಒಳಗೆ ಹೋಗೋವರೆಗೆ ಗಾಯಕ, ಒಳಗೆ ಹೋದ ಮೇಲೆ ದೂರುದಾರ. ಫೋನಲ್ಲಿ ಹೇಳೋಕಾಗದೇ ಇದ್ದದ್ದು ಒಳ್ಳೇದೇ ಆಯ್ತು, ಈಗಲೇ ನಿಜ ಹೇಳಿದ್ರೆ ಒಳಗೇ ಬಿಡಲ್ಲ. ನೇರಪ್ರಸಾರದಲ್ಲಿ ಲೆಕ್ಕ ಕೇಳ್ತೀನಿ. ಯಾರು ಎಣಿಸಿದ್ರು, ಯಾವ ತಕ್ಕಡೀಲಿ ತೂಗಿದ್ರು, ಎಲ್ಲಾ!”

“ಹೋಗಿ. ಇಡೀ ದೇಶದ ಮುಂದೆ ಮಾನ ಕಳ್ಕೊಂಡು ಬನ್ನಿ. ನಾನು ಇಲ್ಲೇ ಕೂತು ನೋಡ್ತೀನಿ.”

ನಿಜ ಗೊತ್ತಿದ್ದ ಇನ್ನೊಬ್ಬರು ಹೆಂಡತಿ. ಆ ವಾರ ಅಡುಗೆಮನೆಯಲ್ಲಿ ಪಾತ್ರೆಗಳೇ ಅವರ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುತ್ತಿದ್ದವು.

ಭಾನುವಾರ ಸಂಜೆ ಸಾಹೇಬರು ಮಿಂಚುವ ಕೋಟಿನಲ್ಲಿ ಸ್ಟುಡಿಯೋದ ದೀಪಗಳ ಕೆಳಗೆ ಕೂತರು. ಟೈಲರ್ ಹಟ ಹಿಡಿದು ತೊಡಿಸಿದ ಕೋಟು. ತೋಳು ಒಂದು ಗೇಣು ಉದ್ದ. ನಿರೂಪಕಿ ಆ ಹಾಡು ಬಂದಾಗ ಹುಟ್ಟಿಯೇ ಇರದಿದ್ದ ಹುಡುಗಿ.

“ಸಾರ್, ಮೊದಲನೇ ಪ್ರಶ್ನೆ. ಲಿಫ್ಟಲ್ಲಿ ನಿಜವಾಗ್ಲೂ ಯಾರಾದ್ರೂ ಸಿಕ್ಕಿದ್ರಾ?”

“ನಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲ.”

“ವಾವ್! ಅಂದ್ರೆ ಕಲ್ಪನೆ!”

“ಕಲ್ಪನೆ ಅಲ್ಲಮ್ಮ, ಮೂರನೇ ಮಹಡಿ! ದಿನಾ ಹತ್ತಿ ಇಳೀಬೇಕು! ಅದಿರಲಿ. ನಾನು ಬಂದಿರೋದು ಯಾಕೆ ಅಂದ್ರೆ—”

ಆಗ ಸ್ಟುಡಿಯೋದ ಬಾಗಿಲು ದಡಾರನೆ ತೆರೆಯಿತು. ಬಿಳಿ ಕೋಟು ತೊಟ್ಟ ಬೋಳುತಲೆಯ ಗೃಹಸ್ಥರೊಬ್ಬರು, ತಡೆಯಲು ಬಂದ ಇಬ್ಬರು ಕಾವಲುಗಾರರನ್ನು ಎರಡೂ ತೋಳಿಗೆ ಜೋತುಬಿಟ್ಟುಕೊಂಡೇ ಒಳಗೆ ಬಂದರು. ಹಲ್ಲಿನ ಡಾಕ್ಟರು. ತಮ್ಮ ಕ್ಲಿನಿಕ್ಕಿನ ಟಿವಿಯಲ್ಲಿ ಜಾಹೀರಾತು ನೋಡಿದಾಗಿನಿಂದ ಅವರಿಗೆ ನಿದ್ದೆಯಿರಲಿಲ್ಲ.

“ಯಾರ್ರೀ ನೀವು?” ಡಾಕ್ಟರು ಸಾಹೇಬರ ಮುಂದೆ ನಿಂತು ಗುಡುಗಿದರು. “ಆ ಹಾಡು ಹಾಡಿದ್ದು ನಾನು! ಕಾಲೇಜಲ್ಲಿದ್ದಾಗ, ಬುದ್ಧಿಯಿಲ್ಲದೆ ಹಾಡಿದ್ದು! ರೋಗಿಗಳಿಗೆ ಗೊತ್ತಾದ್ರೆ ಬಾಯಿ ತೆರೆಯಲ್ಲ ಅಂತ ಮೂವತ್ತು ವರ್ಷ ಮುಚ್ಚಿಟ್ಟಿದ್ದೆ. ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಆದ್ರೆ ಆ ನಾಚಿಕೆ ನಂದು! ಇನ್ನೊಬ್ಬ ಹೊತ್ಕೊಂಡು ಹೋಗೋಕೆ ಬಿಡಲ್ಲ!”

ನಿರೂಪಕಿ ಅಧಿಕಾರಿಯ ಕಡೆ ನೋಡಿದಳು. ಅಧಿಕಾರಿ ಕ್ಯಾಮೆರಾ ಆರಿಸಬೇಡಿ ಎಂದು ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿದ್ದ. ಇಂಥ ಭಾನುವಾರ ಅವನ ಉದ್ಯೋಗದಲ್ಲಿ ಮತ್ತೆ ಬರುವಂತಿರಲಿಲ್ಲ.

ನ್ಯಾಯವಾಗಿ ಸಾಹೇಬರು ಆಗ ಕ್ಷಮೆ ಕೇಳಿ ಎದ್ದುಹೋಗಬೇಕಿತ್ತು. ಆದರೆ ಅವರ ಕಿವಿಗೆ ಬಿದ್ದದ್ದು ಒಂದೇ ಪದ.

“ನಾಚಿಕೆ?” ಅವರು ಎದ್ದು ನಿಂತರು. “ಏನ್ರೀ ನಾಚಿಕೆ? ಅಂಥ ಹಾಡು ಹಾಡಿ ನಾಚಿಕೆ ಅಂತೀರಾ?”

“ಹಾಡೇನ್ರೀ ಅದು? ‘ನಾಲ್ಕನೇ ಮಹಡಿಯಲಿ ನಕ್ಕವಳೇ, ಐದರಲ್ಲಿ ಅತ್ತವಳೇ’! ಆ ಹುಡುಗಿಗೆ ಆ ಒಂದು ಮಹಡೀಲಿ ಏನಾಯ್ತು ಅಂತ ಹಾಡಿದ ನನಗೇ ಗೊತ್ತಿಲ್ಲ!”

“ಅದು ಭಾವನೆ!”

“ಅದು ಕಸ! ಎರಡನೇ ಸ್ಥಾನ ಬಂದಿದ್ದೇ ಹೆಚ್ಚು. ಹತ್ತಕ್ಕೆ ಇಡಬೇಕಿತ್ತು!”

ಬೆರಳು ಮೇಲೆದ್ದಿತು, ಕೋಟಿನ ತೋಳು ಉದ್ದವಿದ್ದುದರಿಂದ ಯಾರಿಗೂ ಕಾಣಲಿಲ್ಲ. ಸಾಹೇಬರು ತೋಳು ಮಡಚಿ ಬೆರಳನ್ನು ಹೊರತೆಗೆದರು. “ರೀ ಡಾಕ್ಟ್ರೇ! ಹಾಡೋದಷ್ಟೇ ನಿಮ್ಮ ಕೆಲಸ. ಆಮೇಲೆ ಅದು ನಿಮ್ಮ ಸ್ವತ್ತಲ್ಲ. ಆ ಹಾಡಿನ ಧೈರ್ಯದ ಮೇಲೆ ನಾನು ಸಂಸಾರ ಶುರುಮಾಡಿದ್ದೀನಿ!”

“ನಿಮ್ಮ ಸಂಸಾರಕ್ಕೆ ನಾನು ಜವಾಬ್ದಾರನಲ್ಲ!”

“ಹಲ್ಲು ಕೀಳೋರಿಗೆ ಕರುಣೆ ಎಲ್ಲಿರುತ್ತೆ?”

“ಬಾಯಿ ತೆಗೀರಿ, ತೋರಿಸ್ತೀನಿ!”

ನಿರೂಪಕಿ ಇಬ್ಬರ ನಡುವೆ ನುಗ್ಗಿ, “ವೀಕ್ಷಕರೊಬ್ಬರು ಲೈನಿನಲ್ಲಿದ್ದಾರೆ!” ಎಂದು ಕಿರುಚಿದಳು.

“ಹಲೋ! ಯಾರ್ರೀ ಅವನು ಬೋಳುತಲೆ?” ಸ್ಟುಡಿಯೋ ತುಂಬ ಭಾವಮೈದನ ದನಿ. “ಆ ಹಾಡನ್ನ ಬೈಯೋ ಹಕ್ಕು ಈ ಪ್ರಪಂಚದಲ್ಲಿ ಇರೋದು ನನಗೊಬ್ಬನಿಗೇ! ಮೂವತ್ತು ವರ್ಷ ಬೈದಿದ್ದೀನಿ, ಅದಕ್ಕೋಸ್ಕರ ಏಟು ತಿಂದಿದ್ದೀನಿ. ನೀನು ಅದಕ್ಕೆ ಏನು ಮಾಡಿದೀಯಾ? ಒಂದು ಸಲ ಹಾಡಿ ಓಡಿಹೋದೆ! ನಮ್ಮ ಭಾವ ಸಾಕಿದ್ದಾರೆ ಅದನ್ನ! ಅವರ ಮೈ ಮುಟ್ಟಿದ್ರೆ ಡ್ರೈವಿಂಗ್ ಸ್ಕೂಲ್ ಕಾರು ನೇರ ನಿನ್ನ ಕ್ಲಿನಿಕ್ಕೊಳಗೇ ಬರುತ್ತೆ!”

ಸಾಹೇಬರು ದನಿ ಬಂದ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಭಾವಮೈದ ಅವರ ಪರವಾಗಿ ಮಾತಾಡಿದ್ದು ಇದೇ ಮೊದಲು. “ಹೇಳೋ, ಗಟ್ಟಿಯಾಗಿ ಹೇಳು!” ಎಂದರು.

“ಹೇಳ್ತೀನಿ ಭಾವಾ! ಎರಡನೇ ಸ್ಥಾನಕ್ಕೆ ಅದು ಪೂರ್ತಿ ಯೋಗ್ಯವಾದ ಹಾಡು!”

“ಎರಡಲ್ಲ ಕತ್ತೆ, ಒಂದು!”

“ಒಂದು ಧೂಳು!”

“ಲಿಫ್ಟು!”

“ಎರಡೂ ಕಸ!” ಎಂದರು ಡಾಕ್ಟರು.

ಮೂವರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಫೋನಿನಲ್ಲಿ ಏನೋ ಎಳೆದಾಡಿದ ಸದ್ದಾಯಿತು. “ಅಕ್ಕಾ, ಬಿಡು, ನಾನು ಮಾತಾಡ್ತಿದ್ದೀನಿ, ಅಕ್ಕಾ—” ಎಂದು ಭಾವಮೈದನ ದನಿ ದೂರ ಸರಿಯಿತು. ಬೇರೊಂದು ದನಿ ಬಂತು. ಅದು ಜೋರಾಗಿರಲಿಲ್ಲ. ಆದರೆ ದಿನವೂ ನೂರಾರು ಜನರನ್ನು ಸಾಲಿನಲ್ಲಿ ನಿಲ್ಲಿಸುವ ದನಿ. ಮೂವರೂ ಬಾಯಿ ಮುಚ್ಚಿದರು.

“ಮುಗೀತಾ? ಈಗ ನಾನು ಮಾತಾಡ್ತೀನಿ. ಲಿಫ್ಟು ನನಗೆ ಆಗ್ತಿರಲಿಲ್ಲ. ಧೂಳಂತೂ ಕೇಳಿದ್ರೇ ತಲೆನೋವು. ನನಗೆ ಇಷ್ಟ ಇದ್ದಿದ್ದು ಏಳನೇ ಸ್ಥಾನದಲ್ಲಿದ್ದ ಹಾಡು. ‘ಬಟ್ಟೆ ಒಣಗುವ ಹೊತ್ತು.’ ಮದುವೆಯಾದ ವಾರ ಅದು ಬಂದಾಗ ನೀವಿಬ್ಬರೂ ಜಗಳ ಆಡ್ತಿದ್ರಿ, ಒಂದು ಸಾಲೂ ಕೇಳಿಸಲಿಲ್ಲ. ಆಮೇಲೆ ಅದು ಎಲ್ಲೂ ಬರಲೇ ಇಲ್ಲ. ಹೋದ ವಾರ ಮತ್ತೆ ಬಂತು. ಇರೋ ಒಂದು ರಜೇಲಿ ಮನೆಕೆಲಸ ಮುಗಿಸಿ, ಸ್ಟೂಲ್ ಹಾಕ್ಕೊಂಡು ಕಾದಿದ್ದೆ. ಮತ್ತೆ ಜಗಳ. ನೀವು ಅನ್ಯಾಯ ಅನ್ಯಾಯ ಅಂತೀರಲ್ಲ, ಒಂದು ಸಲನಾದ್ರೂ ನಿನಗೆ ಯಾವ ಹಾಡು ಬೇಕು ಅಂತ ಕೇಳಿದ್ರಾ?”

ಸಾಹೇಬರ ಬೆರಳು ತನ್ನಷ್ಟಕ್ಕೇ ತೋಳಿನೊಳಗೆ ಸೇರಿಕೊಂಡಿತು.

“ಆ ಹುಡುಗಿ ಇದ್ದಾಳಲ್ಲ, ನಿರೂಪಕಿ. ಏನಮ್ಮಾ, ಆ ಹಾಡು ಹಾಕ್ತೀಯಾ? ಈ ಮೂವರೂ ಬಾಯಿ ಬಿಟ್ರೆ ಕರೆಂಟು ತೆಗೆಸಿಬಿಡು.”

ನಿರೂಪಕಿ ಹಾಕಿಸಿದಳು. ಹೊಗೆಯಿಲ್ಲ, ಕಪ್ಪು ಕನ್ನಡಕವಿಲ್ಲ. ಒಬ್ಬ ಹೆಂಗಸು ಮಹಡಿಯ ಮೇಲೆ ತಂತಿಗೆ ಬಟ್ಟೆ ಹರವುತ್ತ, ಯಾರಿಗೂ ಕೇಳಿಸಬೇಕಿಲ್ಲ ಎನ್ನುವಂತೆ ಹಾಡುತ್ತಿದ್ದಳು. ಬಟ್ಟೆ ಒಣಗುವಷ್ಟು ಹೊತ್ತು ಮಾತ್ರ ತನ್ನದು, ಆಮೇಲೆ ಮಡಚಬೇಕು, ಆಮೇಲೆ ಕೆಳಗೆ ಇಳಿಯಬೇಕು ಎನ್ನುವ ಹಾಡು. ಮೂವತ್ತು ವರ್ಷದಲ್ಲಿ ಮೊದಲ ಸಲ ತಕ್ಕಡಿ ಸಾಹೇಬರು ಅದನ್ನು ಕೇಳಿದರು. ಡಾಕ್ಟರು ಪಕ್ಕದ ಕುರ್ಚಿಯಲ್ಲಿ ಕುಸಿದು, “ಇದೂ ಅದೇ ವಾರದ್ದಾ? ಇದನ್ನ ಕೆಳಗೆ ಹಾಕಿ ನನ್ನದನ್ನ ಮೇಲೆ ಇಟ್ಟಿದ್ರಾ?” ಎಂದು ಪಿಸುಗುಟ್ಟಿದರು. ಸಾಹೇಬರ ಮೂಗಿನ ತುದಿ ನಿಧಾನವಾಗಿ ಕೆಂಪಾಗುತ್ತಿತ್ತು.

ಮನೆಗೆ ಬಂದಾಗ ಭಾವಮೈದ ಕೆಳಗಿನ ಗೇಟಿನ ಹತ್ತಿರವೇ ನಿಂತಿದ್ದ. ಅಕ್ಕ ಅವನನ್ನು ಮನೆಯಿಂದ ಹೊರಗೆ ಹಾಕಿದ್ದಳು.

“ಕೇಳಿದೆಯೇನೋ?” ಸಾಹೇಬರು ಕೇಳಿದರು.

“ಕೇಳಿದೆ ಭಾವಾ. ಬಾಗಿಲ ಹೊರಗಿಂದ.”

“ಏಳನೇ ಸ್ಥಾನ! ಅಂಥ ಹಾಡಿಗೆ ಏಳು!”

“ಮೋಸ ಭಾವಾ. ಹಗಲು ಮೋಸ.”

“ಯಾವನೋ ಎಣಿಸಿದ್ದು? ಯಾವ ತಕ್ಕಡೀಲಿ ತೂಗಿದ್ದು?”

ಮಹಡಿ ಮಹಡಿಗೂ ಕೋಪ ಏರಿಸಿಕೊಳ್ಳುತ್ತ, ಜೀವನದಲ್ಲಿ ಮೊದಲ ಬಾರಿಗೆ ಒಂದೇ ಮಾತಿನಲ್ಲಿ, ಇಬ್ಬರೂ ಮೆಟ್ಟಿಲು ಹತ್ತಿದರು. ಹೆಡ್‌ಮಿಸ್ಟ್ರೆಸ್ ಬಾಗಿಲು ತೆರೆದು ನೋಡಿ, ಸಾಹೇಬರ ಮುಖ ಕಂಡು ಮತ್ತೆ ಮುಚ್ಚಿಕೊಂಡರು. ಗಂಟೆ ಒತ್ತಿದಾಗ ಹೆಂಡತಿ ಬಾಗಿಲು ತೆರೆದರು. ಸಾಹೇಬರು ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ಬೆರಳೆತ್ತಿದರು.

“ನಾಳೆ ಬೆಳಗ್ಗೆ ಮತ್ತೆ ಆ ಕಚೇರಿಗೆ ಹೋಗ್ತೀನಿ. ಇವನೂ ಬರ್ತಾನೆ. ನಿನ್ನ ಹಾಡಿಗೆ ಅನ್ಯಾಯ ಆಗಿದೆ. ಅದು ಒಂದನೇ ಸ್ಥಾನದಲ್ಲಿ ಇರಬೇಕಾಗಿತ್ತು!”

“ಒಂದು!” ಎಂದ ಭಾವಮೈದ ಹಿಂದಿನಿಂದ.

ಹೆಂಡತಿ ಆ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದರು.

“ಏಳರಲ್ಲೇ ಇರಲಿ ಬಿಡಿ,” ಎಂದರು. “ಮೇಲೆ ಬಂದಿದ್ರೆ ಅದನ್ನೂ ನೀವಿಬ್ಬರೂ ಸೇರಿ ಹಾಳು ಮಾಡಿರ್ತಿದ್ರಿ.”